ಹಿತ್ತಿಲ ಟೊಮೆಟೊ ಹಾಸಿಗೆ ಹಿಡಿದಾಗ

ಗಣೇಶನ ಹಬ್ಬ ಮುಗಿದು ಒಂದು ವಾರವಾಗಿತ್ತು. ಶಾಲೆಗೆ ಹೊರಡುವ ಮೊದಲು ಹಿತ್ತಿಲಿಗೆ ಓಡಿ ತನ್ನ ಟೊಮೆಟೊ ಗಿಡಗಳನ್ನು ನೋಡಿ ಬರುವುದು ಆ ಹುಡುಗನ ನಿತ್ಯದ ಪಾಠ. ಜೂನ್‌ನಲ್ಲಿ ಶಾಲೆ ಬಾಗಿಲು ತೆರೆದ ವಾರ ತಾನೇ ಬೀಜ ಹಾಕಿ, ಸಸಿ ಎಬ್ಬಿಸಿ, ಮಡಿ ಮಾಡಿ ನೆಟ್ಟ ಆರು ಗಿಡಗಳು. ಹೂ ಬಿಟ್ಟು, ಗೋಲಿ ಗಾತ್ರದ ಕಾಯಿಗಳೂ ಕಾಣಿಸಿಕೊಂಡಿದ್ದವು. ಆದರೆ ಅಂದು ಮಧ್ಯಾಹ್ನ ಮನೆಗೆ ಬಂದು ನೋಡಿದರೆ ಒಂದು ಗಿಡ ತಲೆ ಬಾಗಿಸಿ ನಿಂತಿದೆ! ಸಂಜೆ ಮತ್ತೆ ಚೇತರಿಸಿಕೊಂಡಂತೆ ಕಂಡಿತು. ಮಾರನೆಯ ದಿನ ಮಧ್ಯಾಹ್ನ ಮತ್ತೆ ಅದೇ ಕಥೆ. ಮೂರನೆಯ ದಿನ ಅದು ತಲೆ ಎತ್ತಲೇ ಇಲ್ಲ. ಎಲೆ ಹಸಿರಾಗಿಯೇ ಇದೆ, ಗಿಡ ಮಾತ್ರ ಸತ್ತಂತೆ ಜೋತುಬಿದ್ದಿದೆ. ಅಷ್ಟರಲ್ಲಿ ಪಕ್ಕದ ಗಿಡವೂ ಸೊರಗತೊಡಗಿತು.

ಮನೆಯವರೆಲ್ಲ ವೈದ್ಯರಾದರು. “ದೃಷ್ಟಿಯಾಗಿದೆ ಕಣೋ ಮಗು, ಬುಡಕ್ಕೆ ಒಂದು ಹಿಡಿ ಬೂದಿ ಹಾಕು” ಎಂದರು ಅಜ್ಜಿ. “ನೀರು ಸಾಲದು” ಎಂದ ಅಪ್ಪ ಎರಡು ಬಕೆಟ್ ನೀರು ಸುರಿದರು. ಪಕ್ಕದ ಮನೆಯವರು ತಮ್ಮ ಹೊಲಕ್ಕೆ ತಂದು ಉಳಿದಿದ್ದ ಔಷಧಿಯ ಅರ್ಧ ಬಾಟಲಿ ಹಿಡಿದು ಬಂದು, “ಒಂದು ಮುಚ್ಚಳ ಹಾಕಿ ಹೊಡೀರಿ, ಎರಡೇ ದಿನಕ್ಕೆ ಸರಿಹೋಗುತ್ತೆ” ಎಂದರು. ಅಮ್ಮ ಮಾತ್ರ ಅಡ್ಡ ನಿಂತರು: “ಆ ಹಣ್ಣನ್ನ ಸಾರಿಗೆ ಹಾಕೋಳು ನಾನು, ಉಣ್ಣೋನು ಅವನು. ಏನು ರೋಗ ಅಂತ ಗೊತ್ತಿಲ್ಲದೆ ವಿಷ ಹೊಡೆಯೋದು ಬೇಡ.”

ಇದು ಒಂದು ಮನೆಯ ಕಥೆಯಲ್ಲ. ಹಿತ್ತಿಲಿನಲ್ಲಿ, ತಾರಸಿಯ ಮೇಲಿನ ಕುಂಡಗಳಲ್ಲಿ, ಶಾಲೆಯ ಕೈತೋಟದಲ್ಲಿ ಟೊಮೆಟೊ ಬೆಳೆಯುವವರೆಲ್ಲ ಒಂದಲ್ಲ ಒಂದು ದಿನ ಎದುರಿಸುವ ಪರಿಸ್ಥಿತಿ ಇದು. ಇಲ್ಲಿ ಅಮ್ಮ ಹೇಳಿದ ಮಾತೇ ಸಸ್ಯರೋಗ ಶಾಸ್ತ್ರದ ಮೊದಲ ಪಾಠ: ಮದ್ದಿಗಿಂತ ಮೊದಲು ರೋಗದ ಗುರುತು ಹಿಡಿಯಬೇಕು.

ಮೂರು ಕೂಡಿದರೆ ರೋಗ

ಟೊಮೆಟೊ ನಮ್ಮ ನೆಲದ ಗಿಡವಲ್ಲ. ದಕ್ಷಿಣ ಅಮೆರಿಕ ಅದರ ತವರು. ಮೆಕ್ಸಿಕೋದ ಜನ ಅದನ್ನು ಬೇಸಾಯಕ್ಕೆ ಒಗ್ಗಿಸಿದರು. ಅಲ್ಲಿಂದ ಯುರೋಪಿಗೆ ಹೋಗಿ, ಯುರೋಪಿನವರೊಂದಿಗೆ ಹಡಗು ಹತ್ತಿ ಭಾರತಕ್ಕೆ ಬಂತು. ಬದನೆ, ಮೆಣಸಿನಕಾಯಿ, ಆಲೂಗಡ್ಡೆ, ಹೊಗೆಸೊಪ್ಪು ಇವೆಲ್ಲ ಟೊಮೆಟೊದ ದಾಯಾದಿಗಳು. ಒಂದೇ ಕುಟುಂಬವಾದ್ದರಿಂದ ಒಬ್ಬರ ಕಾಯಿಲೆ ಇನ್ನೊಬ್ಬರಿಗೆ ಅಂಟುವುದು ಸುಲಭ. ಈ ಒಂದು ಸಂಗತಿಯನ್ನು ನೆನಪಿಟ್ಟರೆ ಕೈತೋಟದ ಅರ್ಧ ತೊಂದರೆ ತಪ್ಪುತ್ತದೆ.

ಗಿಡಕ್ಕೆ ರೋಗ ಬರಬೇಕಾದರೆ ಮೂರು ಸೇರಬೇಕು. ರೋಗಕ್ಕೆ ಈಡಾಗುವ ಗಿಡ ಒಂದು. ರೋಗ ತರುವ ಜೀವಿ ಇನ್ನೊಂದು. ಆ ಜೀವಿಗೆ ಹಿತವಾದ ಹವೆ ಮೂರನೆಯದು. ವಿಜ್ಞಾನಿಗಳು ಇದನ್ನು ‘ರೋಗ ತ್ರಿಕೋನ’ ಎನ್ನುತ್ತಾರೆ. ತ್ರಿಕೋನದ ಒಂದು ಬಾಹುವನ್ನು ಮುರಿದರೂ ಸಾಕು, ರೋಗ ನಿಲ್ಲುತ್ತದೆ. ಮಳೆಯನ್ನು ತಡೆಯಲಾಗದು, ನಿಜ. ಆದರೆ ಎಲೆಯ ಮೇಲೆ ನೀರು ನಿಲ್ಲದಂತೆ ನೋಡಿಕೊಳ್ಳಬಹುದು. ರೋಗಾಣುವನ್ನು ಊರಿನಿಂದಲೇ ಓಡಿಸಲಾಗದು. ಆದರೆ ರೋಗ ತಾಳಿಕೊಳ್ಳುವ ತಳಿಯನ್ನು ಆರಿಸಬಹುದು.

ಗಾಜಿನ ಲೋಟದ ಪರೀಕ್ಷೆ

ಹುಡುಗ ತನ್ನ ಸಂಕಟವನ್ನು ವಿಜ್ಞಾನದ ಮೇಷ್ಟರ ಮುಂದೆ ತೋಡಿಕೊಂಡ. ಮೇಷ್ಟರು ಒಂದೇ ಪ್ರಶ್ನೆ ಕೇಳಿದರು: “ಎಲೆ ಹಳದಿಯಾಗಿ ಬಾಡಿತೋ, ಹಸಿರಿದ್ದಂತೆಯೇ ಬಾಡಿತೋ?” ಹಸಿರಿದ್ದಂತೆಯೇ ಎಂದಾಗ ಮನೆಯಲ್ಲಿ ಮಾಡಬಹುದಾದ ಒಂದು ಪರೀಕ್ಷೆ ಹೇಳಿಕೊಟ್ಟರು.

ಸೊರಗಿದ ಗಿಡವನ್ನು ಕಿತ್ತು, ನೆಲಕ್ಕೆ ಹತ್ತಿರವಿರುವ ಕಾಂಡದಿಂದ ಎರಡು ಮೂರು ಅಂಗುಲದ ತುಂಡು ಕತ್ತರಿಸಬೇಕು. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕತ್ತರಿಸಿದ ತುದಿ ನೀರಿಗೆ ತಾಗುವಂತೆ ತುಂಡನ್ನು ಅಲುಗಾಡದ ಹಾಗೆ ತೂಗುಹಾಕಬೇಕು. ಕೆಲವೇ ನಿಮಿಷಗಳಲ್ಲಿ ಕಾಂಡದಿಂದ ಹಾಲಿನಂಥ ಬಿಳಿಯ ಎಳೆಗಳು ನೀರಿನೊಳಕ್ಕೆ ಇಳಿದರೆ ಅದು ದುಂಡಾಣು ಸೊರಗು ರೋಗ. ಆ ಎಳೆಯಲ್ಲಿರುವುದು ಕಾಂಡದ ನೀರಿನ ನಾಳಗಳಲ್ಲಿ ತುಂಬಿಕೊಂಡಿದ್ದ ಅಸಂಖ್ಯ ದುಂಡಾಣುಗಳು. ರಾಲ್‌ಸ್ಟೋನಿಯಾ ಸೊಲನೇಸಿಯಾರಮ್ ಎಂಬುದು ಅದರ ಹೆಸರು. ಅದು ಮಣ್ಣಿನಿಂದ ಬೇರಿನ ಗಾಯದ ಮೂಲಕ ಒಳಹೊಕ್ಕು ನಾಳಗಳನ್ನು ಕಟ್ಟಿಬಿಡುತ್ತದೆ. ಬೇರಿಗೆ ನೀರು ಸಿಕ್ಕರೂ ಎಲೆಗೆ ಏರುವುದಿಲ್ಲ. ಹೀಗಾಗಿಯೇ ಎರಡು ಬಕೆಟ್ ನೀರು ಸುರಿದರೂ ಗಿಡ ಬಾಯಾರಿ ಸಾಯುತ್ತದೆ! ಮೇಲಾಗಿ ಆ ನೀರೇ ಹರಿದು ರೋಗವನ್ನು ಪಕ್ಕದ ಗಿಡಕ್ಕೆ ಮುಟ್ಟಿಸುತ್ತದೆ.

ಎಳೆ ಬರದೆ, ಕೆಳಗಿನ ಎಲೆಗಳು ಮೊದಲು ಹಳದಿಯಾಗಿ, ಕಾಂಡ ಸೀಳಿದಾಗ ಒಳಗೆ ಕಂದು ಗೆರೆ ಕಂಡರೆ ಅದು ಫ್ಯುಸೇರಿಯಂ ಎಂಬ ಶಿಲೀಂಧ್ರದಿಂದ ಬರುವ ಸೊರಗು ಇರಬಹುದು. ಬೇರಿನಲ್ಲಿ ಗಂಟುಗಳು ಕಂಡರೆ ಕಣ್ಣಿಗೆ ಕಾಣದ ಜಂತುಹುಳುವಿನ ಕೆಲಸ.

ಆ ಸಂಜೆ ಲೋಟದಲ್ಲಿ ಬಿಳಿ ಎಳೆಗಳು ಇಳಿದವು. ಹುಡುಗನಿಗೆ ಒಂದು ಕಡೆ ಕುತೂಹಲ, ಇನ್ನೊಂದು ಕಡೆ ದುಃಖ. ಆಗ ಅಮ್ಮನಿಗೆ ನೆನಪಾಯಿತು: ಹೋದ ವರ್ಷ ಅದೇ ಮಡಿಯಲ್ಲಿ ಬದನೆ ಹಾಕಿದ್ದರು. ಅದೂ ಹೀಗೇ ಸೊರಗಿ ಸತ್ತಿತ್ತು. ದಾಯಾದಿಯ ರೋಗ ಮಣ್ಣಿನಲ್ಲೇ ಕಾದು ಕುಳಿತಿತ್ತು.

ಈ ರೋಗ ಹಿಡಿದ ಗಿಡವನ್ನು ಉಳಿಸುವ ಔಷಧಿ ಇಲ್ಲ. ಅದನ್ನು ಬುಡದ ಮಣ್ಣು ಸಮೇತ ಕಿತ್ತು ದೂರ ಸಾಗಿಸುವುದೊಂದೇ ದಾರಿ. ಕಿತ್ತದ್ದನ್ನು ಗೊಬ್ಬರದ ಗುಂಡಿಗೆ ಹಾಕಬಾರದು. ಬಳಸಿದ ಚಾಕು, ಗುದ್ದಲಿಗಳನ್ನು ಸೋಪಿನಿಂದ ತೊಳೆದು ಬಿಸಿಲಿನಲ್ಲಿ ಒಣಗಿಸಬೇಕು. ಆ ಮಡಿಯಲ್ಲಿ ಕೆಲವು ವರ್ಷಗಳ ಕಾಲ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ನೆಡದೆ ಮುಸುಕಿನ ಜೋಳ, ಅಲಸಂದೆ, ಈರುಳ್ಳಿ, ಸೊಪ್ಪು ಬೆಳೆಯುವುದು ಲೇಸು. ಟೊಮೆಟೊ ಬೇಕೇ ಬೇಕೆಂದರೆ ಬೇರೆ ಕಡೆಯ ಮಣ್ಣು ತುಂಬಿದ ಕುಂಡದಲ್ಲಿ ಬೆಳೆಯಬಹುದು. ರೋಗ ತಾಳುವ ಬದನೆಯ ಬೇರಿನ ಮೇಲೆ ಟೊಮೆಟೊದ ಕುಡಿಯನ್ನು ಕಸಿ ಮಾಡುವ ವಿಧಾನವೂ ಇದೆ. ದಾಯಾದಿಗಳಲ್ಲಿ ವೈರ ಮಾತ್ರವಲ್ಲ, ಉಪಕಾರವೂ ಉಂಟು!

ಎಲೆ ಓದುವುದು ಹೇಗೆ?

ಎಲ್ಲ ರೋಗಗಳೂ ಇಷ್ಟು ನಿರ್ದಯವಲ್ಲ. ಸಕಾಲಕ್ಕೆ ಎಲೆ ನೋಡಿದರೆ ಹಲವನ್ನು ಹತೋಟಿಗೆ ತರಬಹುದು. ಒಂದು ಭೂತಗನ್ನಡಿ, ಒಂದು ನೋಟ್‌ಬುಕ್ ಇದ್ದರೆ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಅಭ್ಯಾಸ.

ನೆಲಕ್ಕೆ ಹತ್ತಿರವಿರುವ ಹಳೆಯ ಎಲೆಗಳ ಮೇಲೆ ಕಂದು ಚುಕ್ಕೆಗಳು ಎದ್ದು, ಪ್ರತಿ ಚುಕ್ಕೆಯೊಳಗೂ ನೀರಿಗೆ ಕಲ್ಲು ಎಸೆದಾಗ ಏಳುವ ಬಳೆಗಳಂತೆ ಉಂಗುರದೊಳಗೆ ಉಂಗುರ ಕಂಡರೆ ಅದು ಆಲ್ಟರ್ನೇರಿಯಾ ಶಿಲೀಂಧ್ರ ತರುವ ಅಂಗಮಾರಿ. ಇದು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಏರುತ್ತದೆ. ಚುಕ್ಕೆ ಬಿದ್ದ ಎಲೆಗಳನ್ನು ಕಿತ್ತು, ಬುಡಕ್ಕೆ ಒಣ ಎಲೆ ಅಥವಾ ಹುಲ್ಲಿನ ಹೊದಿಕೆ ಹಾಕಿದರೆ ಬಹಳ ಮಟ್ಟಿಗೆ ತಡೆಯಬಹುದು. ಮಳೆಹನಿ ನೆಲಕ್ಕೆ ಅಪ್ಪಳಿಸಿ ಮಣ್ಣಿನೊಡನೆ ಶಿಲೀಂಧ್ರದ ಬೀಜಕಣಗಳನ್ನು ಎಲೆಗೆ ಸಿಡಿಸುತ್ತದೆ. ಹೊದಿಕೆ ಈ ಸಿಡಿತವನ್ನು ನಿಲ್ಲಿಸುತ್ತದೆ.

ಇನ್ನೊಂದು ಅಂಗಮಾರಿ ಇದಕ್ಕಿಂತ ಭಯಂಕರ. ಮೋಡ ಕವಿದು, ಜಡಿಮಳೆ ಹಿಡಿದು, ಚಳಿ ಇರುವ ದಿನಗಳಲ್ಲಿ ಎಲೆಯ ಅಂಚಿನಲ್ಲಿ ಬಿಸಿನೀರು ಸುರಿದಂತೆ ಕಪ್ಪು ಹಸಿರಿನ ಕಲೆ ಕಾಣಿಸುತ್ತದೆ. ಬೆಳಿಗ್ಗೆ ಎಲೆ ಮಗುಚಿ ನೋಡಿದರೆ ಕಲೆಯ ಸುತ್ತ ಬೆಳ್ಳಗಿನ ಬೂಷ್ಟು. ಕಾಂಡ ಕಪ್ಪಾಗುತ್ತದೆ, ಕಾಯಿಯ ಮೇಲೆ ಗಟ್ಟಿಯಾದ ಕಂದು ಮಚ್ಚೆ ಮೂಡುತ್ತದೆ. ನಾಲ್ಕಾರು ದಿನಗಳಲ್ಲಿ ಗಿಡವೇ ಸುಟ್ಟಂತಾಗುತ್ತದೆ. ಇದನ್ನು ತರುವ ಜೀವಿ ಫೈಟೋಫ್ತೊರಾ ಇನ್‌ಫೆಸ್ಟೆನ್ಸ್. ಗ್ರೀಕ್ ಮೂಲದ ಆ ಮೊದಲ ಪದಕ್ಕೆ ‘ಗಿಡ ನಾಶಕ’ ಎಂದೇ ಅರ್ಥ.

ಈ ಹೆಸರು ಚರಿತ್ರೆಯಲ್ಲೂ ಕುಖ್ಯಾತ. 1845ರಲ್ಲಿ ಇದು ಐರ್ಲೆಂಡಿನ ಆಲೂಗಡ್ಡೆ ಹೊಲಗಳಿಗೆ ನುಗ್ಗಿತು. ಅಲ್ಲಿನ ಬಡವರಿಗೆ ಆಲೂಗಡ್ಡೆಯೇ ಅನ್ನ. ಮುಂದಿನ ಕೆಲವು ವರ್ಷಗಳಲ್ಲಿ ಹಸಿವು ಮತ್ತು ಅದರ ಬೆನ್ನಿಗೆ ಬಂದ ಕಾಯಿಲೆಗಳಿಂದ ಸುಮಾರು 10 ಲಕ್ಷ ಜನ ಸತ್ತರು. ಅಷ್ಟೇ ಅಥವಾ ಇನ್ನೂ ಹೆಚ್ಚು ಜನ ಹಡಗು ಹತ್ತಿ ದೇಶ ಬಿಟ್ಟರು. ರೋಗ ಯಾವುದರಿಂದ ಬಂತೆಂಬುದೇ ಆಗ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಕೆಟ್ಟ ಹವೆ ಎಂದರು ಕೆಲವರು, ದೇವರ ಕೋಪ ಎಂದರು ಇನ್ನು ಕೆಲವರು. ಮೈಲ್ಸ್ ಬರ್ಕ್ಲಿ ಎಂಬ ಇಂಗ್ಲಿಷ್ ಪಾದ್ರಿ 1846ರಲ್ಲಿ, ಎಲೆಯ ಮೇಲಿನ ಬೂಷ್ಟೇ ರೋಗಕ್ಕೆ ಕಾರಣ ಎಂದು ವಾದಿಸಿದಾಗ ಒಪ್ಪಿದವರು ಕಡಿಮೆ. ಜರ್ಮನಿಯ ಆಂಟನ್ ಡಿ ಬಾರಿ 1860ರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿದ ಮೇಲೆಯೇ ಆ ಮಾತು ನಿಂತಿತು. ರೋಗದ ಗುರುತು ಸಿಗದಿದ್ದರೆ ಏನಾದೀತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ. ನಮ್ಮಲ್ಲೂ 2009-10ರ ಸುಮಾರಿಗೆ ದಕ್ಷಿಣ ಭಾರತದ ಟೊಮೆಟೊ ಹೊಲಗಳನ್ನು ಇದೇ ಜೀವಿಯ ಹೊಸ ಬಗೆಯೊಂದು ತೀವ್ರವಾಗಿ ಕಾಡಿತು.

ಕಳ್ಳರಿಂದ ಸಿಕ್ಕ ಮದ್ದು

ಅಂಗಮಾರಿಗೆ ಮದ್ದು ಸಿಕ್ಕ ಕಥೆ ಸ್ವಾರಸ್ಯವಾಗಿದೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿಗೆ ಬೂಷ್ಟು ರೋಗ ಬಂದು ತೋಟಗಳು ಹಾಳಾಗುತ್ತಿದ್ದ ಕಾಲ. 1882ರಲ್ಲಿ ಪ್ರೊಫೆಸರ್ ಮಿಲಾರ್ಡೆ ದಾರಿಯಲ್ಲಿ ನಡೆದು ಹೋಗುತ್ತಿದ್ದಾಗ, ರಸ್ತೆ ಬದಿಯ ಬಳ್ಳಿಗಳ ಎಲೆ ಮಾತ್ರ ಹಸಿರಾಗಿ ಉಳಿದಿದ್ದವು. ವಿಚಾರಿಸಿದರೆ, ದಾರಿಹೋಕರು ಹಣ್ಣು ಕದಿಯದಿರಲೆಂದು ಮೈಲುತುತ್ತ ಮತ್ತು ಸುಣ್ಣ ಕಲಸಿ ಆ ಬಳ್ಳಿಗಳಿಗೆ ಬಳಿದಿದ್ದರಂತೆ! ಮಿಲಾರ್ಡೆ ಅದನ್ನೇ ಪರೀಕ್ಷಿಸಿ 1885ರಲ್ಲಿ ಪ್ರಕಟಿಸಿದರು. ಅದೇ ಬೋರ್ಡೋ ದ್ರಾವಣ.

ಮಲೆನಾಡಿನ ಮಕ್ಕಳಿಗೆ ಈ ಹೆಸರು ಹೊಸದಲ್ಲ. ಮಳೆಗಾಲಕ್ಕೆ ಮೊದಲು ಅಡಿಕೆ ಕೊನೆಗೆ ‘ಔಷಧಿ ಹೊಡೆಯುವುದು’ ಇದನ್ನೇ. ಅಡಿಕೆಯ ಕೊಳೆರೋಗ ತರುವುದೂ ಫೈಟೋಫ್ತೊರಾ ಬಳಗದ್ದೇ ಇನ್ನೊಂದು ಜೀವಿ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಧ್ಯಯನ ಮಾಡಿ, ಬೋರ್ಡೋ ಸಿಂಪಡಣೆಯನ್ನು ಅಡಿಕೆ ತೋಟಗಳಿಗೆ ತಂದರು.

ಕೈತೋಟಕ್ಕೆ ಬೇಕಾದಷ್ಟನ್ನು ಮನೆಯಲ್ಲೇ ತಯಾರಿಸಬಹುದು. ಒಂದು ಲೀಟರ್ ದ್ರಾವಣಕ್ಕೆ 10 ಗ್ರಾಂ ಮೈಲುತುತ್ತ, 10 ಗ್ರಾಂ ಒಳ್ಳೆಯ ಸುಣ್ಣ ಸಾಕು. ಅರ್ಧ ಲೀಟರ್ ನೀರಿನಲ್ಲಿ ಮೈಲುತುತ್ತ, ಇನ್ನರ್ಧ ಲೀಟರಿನಲ್ಲಿ ಸುಣ್ಣ ಬೇರೆ ಬೇರೆ ಕರಗಿಸಿ, ತಣ್ಣಗಾದ ಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಲಕಬೇಕು. ಪಾತ್ರೆ ಮಣ್ಣಿನದೋ ಪ್ಲಾಸ್ಟಿಕ್ಕಿನದೋ ಆಗಿರಬೇಕು. ಅಡುಗೆಗೆ ಮತ್ತೆ ಬಳಸುವಂಥದ್ದು ಕೂಡದು. ಹೊಳೆಯುವ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಅದರ ಮೇಲೆ ಕೆಂಪು ಲೇಪ ಕಂಡರೆ ತಾಮ್ರ ಹೆಚ್ಚಾಗಿದೆ ಎಂದರ್ಥ; ಇನ್ನಷ್ಟು ಸುಣ್ಣದ ನೀರು ಬೆರೆಸಬೇಕು. ಶಾಲೆಯಲ್ಲಿ ಕಲಿತ ರಸಾಯನಶಾಸ್ತ್ರ ಇಲ್ಲಿ ಕಣ್ಣೆದುರು ನಡೆಯುತ್ತದೆ. ಮಾಡಿದ ದಿನವೇ ಸಿಂಪಡಿಸಿ ಮುಗಿಸಬೇಕು.

ಆದರೆ ಒಂದು ಎಚ್ಚರಿಕೆ. ಮೈಲುತುತ್ತ ವಿಷ, ಸುಣ್ಣ ಕಣ್ಣಿಗೆ ಅಪಾಯ. ಈ ಕೆಲಸ ದೊಡ್ಡವರದು. ಕೈಗವಸು, ಕನ್ನಡಕ ಬೇಕು; ಮಕ್ಕಳು ದೂರ ನಿಂತು ನೋಡಬೇಕು. ಇನ್ನೊಂದು ಮಾತು: ಬೋರ್ಡೋ ಕವಚವೇ ಹೊರತು ಸಂಜೀವಿನಿಯಲ್ಲ. ಆರೋಗ್ಯವಾಗಿರುವ ಎಲೆಯನ್ನು ಅದು ಕಾಯುತ್ತದೆ. ಕೊಳೆತ ಎಲೆಯನ್ನು ಬದುಕಿಸುವುದಿಲ್ಲ. ಆದ್ದರಿಂದ ಮಳೆ ಹಿಡಿಯುವ ಮುನ್ನವೇ ಸಿಂಪಡಿಸಬೇಕು. ಕೊಯ್ದ ಹಣ್ಣನ್ನು ಚೆನ್ನಾಗಿ ತೊಳೆಯದೆ ಬಾಯಿಗಿಡಬಾರದು.

ಮುದುಡಿದ ಎಲೆ, ಬಿಳಿಯ ನೊಣ

ಬೇಸಿಗೆಯಲ್ಲಿ ಟೊಮೆಟೊ ಹಾಕಿದವರಿಗೆ ಬೇರೊಂದು ಶತ್ರು. ಚಿಗುರೆಲೆಗಳು ಚಿಕ್ಕದಾಗಿ, ಅಂಚು ಹಳದಿಯಾಗಿ, ಸುಕ್ಕುಗಟ್ಟಿ ಮುದುಡುತ್ತವೆ. ಗಿಡ ಕುಳ್ಳಾಗಿ ಪೊದೆಯಂತಾಗುತ್ತದೆ, ಹೂ ಉದುರುತ್ತದೆ. ಇದು ಎಲೆ ಮುಟುರು ನಂಜುರೋಗ. ಎಲೆಯಡಿ ಕುಳಿತು ರಸ ಹೀರುವ, ಮುಟ್ಟಿದರೆ ಹಿಟ್ಟು ಹಾರಿದಂತೆ ಏಳುವ ಬಿಳಿನೊಣ ಇದರ ವಾಹನ. ಎಳೆಯ ಗಿಡಕ್ಕೆ ಸೋಂಕು ತಗುಲಿದರೆ ಕಾಯಿಯ ಆಸೆ ಬಿಡಬೇಕು. ಅಂಥ ಗಿಡಕ್ಕೆ ಮೊದಲು ಪ್ಲಾಸ್ಟಿಕ್ ಚೀಲ ಮುಚ್ಚಿ ಆಮೇಲೆ ಕೀಳುವುದು ಜಾಣತನ. ಇಲ್ಲವಾದರೆ ನೊಣಗಳು ಎದ್ದು ಪಕ್ಕದ ಗಿಡಕ್ಕೆ ಹಾರುತ್ತವೆ.

ಸಸಿಯಾಗಿರುವಾಗ 25-30 ದಿನ ಸಣ್ಣ ಕಣ್ಣಿನ ನೈಲಾನ್ ಪರದೆಯೊಳಗೆ ಬೆಳೆಸುವುದು ಇದಕ್ಕೆ ಒಳ್ಳೆಯ ಉಪಾಯ. ಹಳದಿ ಹಾಳೆಗೆ ಹರಳೆಣ್ಣೆ ಸವರಿ ಗಿಡದ ಎತ್ತರಕ್ಕೆ ತೂಗುಹಾಕಿದರೆ ನೊಣಗಳು ಬಂದು ಅಂಟಿಕೊಳ್ಳುತ್ತವೆ. ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ಎಲೆಯ ಅಡಿಭಾಗಕ್ಕೆ ತಾಗುವಂತೆ ಸಂಜೆ ಸಿಂಪಡಿಸಬಹುದು.

ಹೊಗೆಸೊಪ್ಪಿನಿಂದಲೂ ಒಂದು ನಂಜು ಬರುತ್ತದೆ. ಪ್ರಪಂಚದಲ್ಲಿ ಮೊತ್ತಮೊದಲು ಪತ್ತೆಯಾದ ವೈರಸ್ಸೇ ಹೊಗೆಸೊಪ್ಪಿನ ಮೊಸಾಯಿಕ್ ವೈರಸ್. 1892ರಲ್ಲಿ ರಷ್ಯದ ಇವನೋವ್‌ಸ್ಕಿ, 1898ರಲ್ಲಿ ಹಾಲೆಂಡಿನ ಬೈಯರಿಂಕ್ ಇದರ ಮೇಲೆ ಪ್ರಯೋಗ ನಡೆಸಿದರು. ಅದು ಟೊಮೆಟೊಗೂ ಅಂಟುತ್ತದೆ. ಬೀಡಿ ಸೇದಿದ, ಹೊಗೆಸೊಪ್ಪು ತಿಕ್ಕಿದ ಕೈಯಲ್ಲಿ ಗಿಡ ಮುಟ್ಟಬಾರದು. ತಾತ ತೋಟಕ್ಕೆ ಇಳಿಯುವ ಮುನ್ನ ಕೈಗೆ ಸೋಪು ಹಾಕಿಸುವ ಹೊಣೆ ಮೊಮ್ಮಕ್ಕಳದು!

ರೋಗವಲ್ಲದ ರೋಗ

ಕೆಲವು ಲಕ್ಷಣಗಳು ನೋಡಲು ರೋಗದಂತಿರುತ್ತವೆ, ರೋಗವಲ್ಲ. ಕಾಯಿಯ ತುದಿ ಕಪ್ಪಾಗಿ ಚರ್ಮದಂತೆ ಒಳಕ್ಕೆ ಕುಸಿದಿದ್ದರೆ ಅದು ಸೋಂಕಲ್ಲ. ಕಾಯಿಗೆ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ತಲುಪದ ಫಲ. ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದರೂ ಒಂದು ದಿನ ತೊಯ್ಯಿಸಿ, ನಾಲ್ಕು ದಿನ ಒಣಗಲು ಬಿಟ್ಟರೆ ಹೀಗಾಗುತ್ತದೆ. ಇದಕ್ಕೆ ಯಾವ ವಿಷವೂ ಬೇಡ. ನೀರನ್ನು ಹದವಾಗಿ, ಕ್ರಮವಾಗಿ ಕೊಟ್ಟರೆ ಮುಂದಿನ ಕಾಯಿಗಳು ಸರಿಯಾಗುತ್ತವೆ. ಬಿರುಬಿಸಿಲಿನಲ್ಲಿ ಕೆಳಗಿನ ಹಳೆಯ ಎಲೆಗಳು ಮೇಲಕ್ಕೆ ಸುರುಳಿ ಸುತ್ತಿಕೊಂಡು, ಚಿಗುರು ಚೆನ್ನಾಗಿಯೇ ಇದ್ದರೆ ಹೆದರಬೇಕಾಗಿಲ್ಲ. ಅದು ಗಿಡ ತನ್ನ ನೀರನ್ನು ಉಳಿಸಿಕೊಳ್ಳುವ ರೀತಿ.

ಬಾಟಲಿಯ ಮೇಲಿನ ತ್ರಿಕೋನ

ಪಕ್ಕದ ಮನೆಯ ಅರ್ಧ ಬಾಟಲಿಯ ವಿಷಯಕ್ಕೆ ಬರೋಣ. ಕೀಟನಾಶಕ ಕೀಟಗಳಿಗೆ, ಶಿಲೀಂಧ್ರನಾಶಕ ಶಿಲೀಂಧ್ರಗಳಿಗೆ. ದುಂಡಾಣು ಸೊರಗಿಗೆ ಕೀಟನಾಶಕ ಹೊಡೆದರೆ ರೋಗಕ್ಕೆ ಏನೂ ಆಗುವುದಿಲ್ಲ. ಆದರೆ ಹಣ್ಣಿನ ಮೇಲೆ ವಿಷ ಕೂರುತ್ತದೆ. ಹತ್ತಿಗೆಂದು ತಂದ ಔಷಧಿ ತರಕಾರಿಗೆ ಸಲ್ಲದು. ಮೊನೊಕ್ರೊಟೊಫಾಸ್ ಎಂಬ ಹೆಸರುವಾಸಿ ಕೀಟನಾಶಕವನ್ನು ತರಕಾರಿ ಬೆಳೆಗಳಿಗೆ ಬಳಸುವುದನ್ನು ಭಾರತದಲ್ಲಿ 2005ರಲ್ಲೇ ನಿಷೇಧಿಸಲಾಯಿತು.

ಪ್ರತಿ ಬಾಟಲಿಯ ಚೀಟಿಯ ಮೇಲೂ ಬಣ್ಣದ ತ್ರಿಕೋನವಿರುತ್ತದೆ. ಕೆಂಪೆಂದರೆ ಅತ್ಯಂತ ವಿಷಕಾರಿ. ನಂತರ ಹಳದಿ, ನೀಲಿ. ಹಸಿರಿನದು ಇದ್ದುದರಲ್ಲಿ ಕಡಿಮೆ. ಕೆಂಪು, ಹಳದಿ ಬಣ್ಣದವಕ್ಕೆ ಮನೆಯ ಹಿತ್ತಿಲಲ್ಲಿ ಜಾಗವಿಲ್ಲ. ಯಾವುದನ್ನೇ ಸಿಂಪಡಿಸಿದರೂ ಎಷ್ಟು ದಿನ ಹಣ್ಣು ಕೊಯ್ಯಬಾರದು ಎಂಬುದನ್ನು ಚೀಟಿಯಲ್ಲಿ ಓದಿ ಪಾಲಿಸಬೇಕು. ಔಷಧಿಯನ್ನು ಜ್ಯೂಸಿನ ಬಾಟಲಿಗೋ ನೀರಿನ ಬಾಟಲಿಗೋ ಸುರಿದು ಇಡುವ ಅಭ್ಯಾಸವಂತೂ ಪ್ರಾಣಕ್ಕೇ ಅಪಾಯ.

ಬರುವ ಮುನ್ನವೇ ಕಾಯುವುದು

ಮನೆಯ ತೋಟಕ್ಕೆ ಒಗ್ಗುವ ದಾರಿ ಮುನ್ನೆಚ್ಚರಿಕೆಯದೇ. ಏಪ್ರಿಲ್-ಮೇ ಬಿಸಿಲಿನಲ್ಲಿ ಮಡಿಯನ್ನು ನೀರಿನಿಂದ ತೋಯಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಮಣ್ಣು ಮೆತ್ತಿ 4ರಿಂದ 6 ವಾರ ಬಿಟ್ಟರೆ ಸೂರ್ಯನ ಶಾಖವೇ ಹಲವು ರೋಗಾಣುಗಳನ್ನು ತಗ್ಗಿಸುತ್ತದೆ. ಸಸಿಮಡಿ ನೆಲಕ್ಕಿಂತ ಎತ್ತರವಿರಲಿ. ನೀರು ನಿಂತರೆ ಎಳೆ ಸಸಿಗಳ ಬುಡ ಕೊಳೆತು ಮಲಗುತ್ತವೆ. ಗಿಡದಿಂದ ಗಿಡಕ್ಕೆ ಎರಡಡಿ ಅಂತರ, ಆನಿಕೆಗೆ ಕೋಲು, ಗಾಳಿಯಾಡಲು ಕೆಳಗಿನ ಎಲೆಗಳ ಸವರಿಕೆ ಅಗತ್ಯ. ನೀರು ಬೆಳಿಗ್ಗೆ ಕೊಡಬೇಕು, ಬುಡಕ್ಕೇ ಕೊಡಬೇಕು. ಎಲೆ ಒದ್ದೆಯಿರುವಾಗ ಗಿಡ ಮುಟ್ಟಬಾರದು. ಕೈಯೇ ರೋಗವನ್ನು ಹೊತ್ತೊಯ್ಯುತ್ತದೆ.

ತಳಿಯ ಆಯ್ಕೆಯೂ ಮುಖ್ಯ. ಬೆಂಗಳೂರು ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದ ‘ಅರ್ಕಾ ರಕ್ಷಕ್’ ತಳಿ ಎಲೆ ಮುಟುರು, ದುಂಡಾಣು ಸೊರಗು ಮತ್ತು ಉಂಗುರ ಚುಕ್ಕೆಯ ಅಂಗಮಾರಿ ಈ ಮೂರನ್ನೂ ತಾಳಿಕೊಳ್ಳುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ‘ನಂದಿ’, ‘ಸಂಕ್ರಾಂತಿ’, ‘ವೈಭವ್’ ತಳಿಗಳು ಎಲೆ ಮುಟುರನ್ನು ತಡೆದುಕೊಳ್ಳುವಂಥವು. ಅರ್ಕಾ ರಕ್ಷಕ್ ಮಿಶ್ರತಳಿ; ಅದರ ಹಣ್ಣಿನ ಬೀಜ ಎತ್ತಿಟ್ಟು ಬಿತ್ತಿದರೆ ಅದೇ ಗುಣ ಬರುವುದಿಲ್ಲ. ಏಕೆ ಬರುವುದಿಲ್ಲ ಎಂಬುದಕ್ಕೆ ಉತ್ತರ ಜೀವಶಾಸ್ತ್ರದ ಪುಸ್ತಕದಲ್ಲಿ, ಮೆಂಡೆಲ್‌ನ ಪಾಠದಲ್ಲಿದೆ.

ಆ ಹುಡುಗ ಮೇಷ್ಟರ ಮಾತಿನಂತೆ ನಡೆದ. ಕಾಯಿ ಹೊತ್ತಿದ್ದ ಎರಡು ಗಿಡಗಳನ್ನು ತಾನೇ ಕಿತ್ತ. “ಇನ್ನೊಂದು ದಿನ ನೋಡೋಣ” ಎಂದು ಅಪ್ಪ ಹೇಳಿದರೂ ಅವನು ಕೇಳಲಿಲ್ಲ. ಬುಡದ ಮಣ್ಣನ್ನೂ ತೆಗೆದು ಚೀಲಕ್ಕೆ ತುಂಬಿದ. ಉಳಿದ ನಾಲ್ಕಕ್ಕೆ ನೀರು ಹರಿದು ಬರದಂತೆ ನಡುವೆ ಕಾಲುವೆ ತೋಡಿದ. ಹದಿನೈದು ದಿನದಲ್ಲಿ ಇನ್ನೂ ಒಂದು ಸೊರಗಿತು. ಅದನ್ನೂ ಕಿತ್ತ. ಮೂರು ಉಳಿದವು.

ದಸರಾ ರಜೆ ಮುಗಿಯುವ ಹೊತ್ತಿಗೆ ಆ ಮೂರರಲ್ಲಿ ಹಣ್ಣು ಕೆಂಪೇರಿತು. ಮೊದಲ ಬುಟ್ಟಿಯ ಹಣ್ಣನ್ನು ಅಮ್ಮ ತೊಳೆದು ಸಾರಿಗೆ ಹಾಕಿದರು. ಅಜ್ಜಿ ಎರಡು ಸಲ ಬಡಿಸಿಕೊಂಡರು. ಹುಡುಗನ ನೋಟ್‌ಬುಕ್ಕಿನಲ್ಲಿ ಆ ದಿನಾಂಕದ ಮುಂದೆ ಒಂದು ಸಾಲು ಸೇರಿತು: ‘ಈ ಮಡಿಯಲ್ಲಿ ಮುಂದಿನ ವರ್ಷ ಅಲಸಂದೆ. ಟೊಮೆಟೊ ಕುಂಡದಲ್ಲಿ.’